ಒಂದೇ ಕೆರೆಗೆ ಮೂರು ಬಣ್ಣ

ಉಪಗ್ರಹದ ಕೆಲಸವೆಂದರೆ ಆಕಾಶದ ಕೆಲಸ ಎಂದುಕೊಂಡು ನಮ್ಮ ಕಚೇರಿಗೆ ಸೇರುತ್ತಿದ್ದ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುತ್ತಿದ್ದದ್ದು, ಒಂದು ಜೊತೆ ಗಟ್ಟಿ ಚಪ್ಪಲಿ ಕೊಂಡುಕೊಳ್ಳಿ ಎಂದು. ಅವರು ನಗುತ್ತಿದ್ದರು. ಒಂದು ಬೇಸಿಗೆ ಗೌರಿಬಿದನೂರಿನ ಬಂಡೆಗಳ ಮೇಲೆ ನಡೆದು ಬಂದ ಮೇಲೆ ಅವರೇ ಅಂಗಡಿ ಎಲ್ಲಿ ಎಂದು ಕೇಳುತ್ತಿದ್ದರು.

ನನ್ನ ನೌಕರಿಯ ಬಹುಪಾಲು ಕಳೆದದ್ದು ಎರಡು ಜಾಗಗಳಲ್ಲಿ. ಒಂದು, ಹೊಲದ ಬದು. ಇನ್ನೊಂದು, ಸರ್ಕಾರಿ ಕಚೇರಿಗಳ ವರಾಂಡದ ಬೆಂಚು. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ ಇಟ್ಟುಕೊಂಡು ನಾನು ಕಾಯದ ಇಲಾಖೆ ನನ್ನ ಪಾಲಿಗೆ ಬಂದ ನಾಲ್ಕು ತಾಲ್ಲೂಕುಗಳಲ್ಲಿ ಉಳಿದಿರಲಾರದು.

ಯಾಕೆ ಕಾಯುತ್ತಿದ್ದೆ ಎಂದು ಹೇಳಬೇಕು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ನಮ್ಮ ದೇಶದ ಉಪಗ್ರಹಗಳು ಭೂಮಿಯ ಚಿತ್ರಗಳನ್ನು ಕಳಿಸುತ್ತಲೇ ಇದ್ದವು. ಅರಣ್ಯ ಇಲಾಖೆಯವರು ತಮಗೆ ಬೇಕಾದ ಚಿತ್ರ ತರಿಸಿಕೊಂಡು ತಮ್ಮ ನಕ್ಷೆ ಮಾಡಿಕೊಳ್ಳುತ್ತಿದ್ದರು. ನೀರಾವರಿಯವರು ಅದೇ ಚಿತ್ರವನ್ನು ಇನ್ನೊಂದು ಸಲ ತರಿಸಿ ತಮ್ಮದು ಮಾಡುತ್ತಿದ್ದರು. ಕೃಷಿಯವರದು ಬೇರೆ, ಕಂದಾಯದವರದು ಬೇರೆ. ಒಬ್ಬರ ನಕ್ಷೆ ಇನ್ನೊಬ್ಬರದರ ಮೇಲೆ ಇಟ್ಟರೆ ಊರ ಗಡಿಯೇ ಕೂಡುತ್ತಿರಲಿಲ್ಲ. ಎಲ್ಲರೂ ತಮ್ಮದನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಇದನ್ನೆಲ್ಲ ಒಂದೇ ಕಡೆ ತರಬೇಕು, ಒಂದೇ ಗಡಿ, ಒಂದೇ ಹೆಸರು ಇರಬೇಕು ಎಂದು ಕೇಂದ್ರ ಸರ್ಕಾರ ಯೋಜನೆ ಮಾಡಿತು. ದೆಹಲಿಯಲ್ಲಿ ಯೋಜನೆಯಾದ ಮೇಲೆ ತಾಲ್ಲೂಕಿಗೆ ಹೋಗಿ ಆ ಬೀಗಗಳನ್ನು ತೆಗೆಸಲು ಯಾರಾದರೂ ಬೇಕಲ್ಲ? ಬೆಂಗಳೂರಿನ ನಮ್ಮ ಕಚೇರಿಯಿಂದ ಹಾಗೆ ಹೋದವಳು ನಾನು.

ಪ್ರಯೋಗಕ್ಕೆಂದು ಆರಿಸಿದ್ದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಆಗ ಅವೆಲ್ಲ ಕೋಲಾರ ಜಿಲ್ಲೆಯಲ್ಲೇ ಇದ್ದವು. ಆರಿಸಿದವರು ನಮ್ಮ ಮೇಲಧಿಕಾರಿ ದೇಶಪಾಂಡೆ. ಧಾರವಾಡದ ಕಡೆಯವರು, ಎತ್ತರದ ಆಸಾಮಿ, ಷರಟಿನ ಜೇಬಿನಲ್ಲಿ ಸದಾ ಹುರಿದ ಕಡಲೆ. ಉತ್ತರದ ಬಯಲಿನಲ್ಲಿ ಗೋಧಿ ಎಂದರೆ ಕಣ್ಣು ಹಾಯುವಷ್ಟು ದೂರ ಗೋಧಿ. ನಮ್ಮಲ್ಲಿ ಹಾಗಲ್ಲ. ದ್ರಾಕ್ಷಿ ಚಪ್ಪರದ ಪಕ್ಕ ರಾಗಿ, ರಾಗಿಯ ಪಕ್ಕ ಹಿಪ್ಪುನೇರಳೆ, ಅದರಾಚೆ ನೀಲಗಿರಿ, ನಡುವೆ ಒಂದು ನೀರಿನ ಕುಂಟೆ, ಹಿಂದೆ ಬೋಳು ಬೆಟ್ಟ. ‘ಇಲ್ಲೆ ಹೊಂದಿಸಿದ್ರ ಎಲ್ಲೇ ಆದ್ರೂ ಹೊಂದತದ’ ಎನ್ನುತ್ತಿದ್ದರು.

ಅವರಿಂದ ನಾನು ಕಲಿತ ದೊಡ್ಡ ಪಾಠ ಕಾಗದ ಬರೆಯಬಾರದು ಎಂಬುದು. ಮೊದಲ ವಾರವೇ ನಾನು ಎಲ್ಲ ಇಲಾಖೆಗಳಿಗೂ ಚೆಂದದ ಪತ್ರಗಳನ್ನು ತಯಾರಿಸಿ ಸಹಿಗೆ ಒಯ್ದಿದ್ದೆ. ಅವರು ಒಂದೊಂದನ್ನೂ ಓದಿ, ಅಚ್ಚುಕಟ್ಟಾಗಿ ಮಡಚಿ ನನ್ನ ಕೈಗೇ ಕೊಟ್ಟರು.

‘ಏನ್ರೀ ಪದ್ಮಾವತಿ ಅವರ, ಕಾಗದ ಬರದ್ರ ಕಾಗದ ಬರತದ. ಮನಷಾ ಹೋದ್ರ ಮನಷಾ ಬರತಾನ. ಜೀಪ್ ಅದ, ಹೋಗ್ರಿ.’

ಹೋದೆ. ಆ ಜೀಪಿನಲ್ಲಿ ನನ್ನ ಜೊತೆ ಹಿಂದಿನ ಸೀಟಿನಲ್ಲಿ ಕೂತವಳು ನಸ್ರೀನ್.

ನಸ್ರೀನ್ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಚಿತ್ರ ಓದುವ ಕೆಲಸಕ್ಕೆಂದು ಹೊಸದಾಗಿ ಸೇರಿದ್ದಳು. ಶಿಡ್ಲಘಟ್ಟದ ಹುಡುಗಿ, ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬು. ತಂದೆ ಇಲ್ಲ, ತಾಯಿಯೂ ಅಣ್ಣನೂ ಕಸುಬು ನಡೆಸುತ್ತಿದ್ದರು. ನಾನು ಚಿಂತಾಮಣಿ ಕಡೆಯವಳು, ಪ್ರೈಮರಿ ಶಾಲೆ ಮೇಷ್ಟ್ರ ಮಗಳು, ಮನೆ ಮಾತು ತೆಲುಗು. ಅವಳಿಗೆ ಉರ್ದು, ನನಗೆ ತೆಲುಗು, ಇಬ್ಬರಿಗೂ ಕನ್ನಡ. ಮೊದಲ ದಿನ ಹೆಬ್ಬಾಳ ದಾಟಿದ ಮೇಲೂ ‘ಮೇಡಂ’ ಎನ್ನುತ್ತಿದ್ದಳು. ಮುದ್ದೇನಹಳ್ಳಿಯ ಕ್ರಾಸಿನಲ್ಲಿ ಟೀ ಕುಡಿದು, ಬಿಸಿ ಲೋಟವನ್ನು ದುಪಟ್ಟಾದ ತುದಿಯಲ್ಲಿ ಹಿಡಿದು ನನಗೆ ಕೊಡುವಾಗ ‘ಅಕ್ಕಾ’ ಎಂದವಳು ಮತ್ತೆ ಮೇಡಂ ಅನ್ನಲಿಲ್ಲ.

ಆಗಿನ ವಿಧಾನವನ್ನು ಈಗಿನವರು ನಂಬಲಿಕ್ಕಿಲ್ಲ. ಉಪಗ್ರಹದ ಚಿತ್ರ ಸಿ.ಡಿ.ಯಲ್ಲಿ ಬರುತ್ತಿತ್ತು. ಅದನ್ನು ದೊಡ್ಡದಾಗಿ ಮುದ್ರಿಸಿ, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹಾಸಿ, ಮೇಲೆ ಪಾರದರ್ಶಕ ಹಾಳೆ ಇಟ್ಟು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆವು. ಆ ಚಿತ್ರಗಳಲ್ಲಿ ಹಸಿರು ಹಸಿರಾಗಿ ಕಾಣುವುದಿಲ್ಲ. ಬೆಳೆ ಇರುವ ಕಡೆಯೆಲ್ಲ ಕೆಂಪು. ನೀರು ಕಪ್ಪು. ಬೋಳು ನೆಲ ಬೂದು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಒಂದು ಸಲ ಜಗಲಿಯ ಮೇಲೆ ಚಿತ್ರ ಬಿಡಿಸಿದಾಗ ಒಬ್ಬ ಅಜ್ಜ ಎದೆ ಹಿಡಿದುಕೊಂಡು ನೋಡಿದರು.

‘ಏಮಮ್ಮಾ ಇದಿ? ನಮ್ಮೂರಿಗೆ ಬೆಂಕಿ ಹಚ್ಚವ್ರಲ್ಲಾ!’

ಬೆಂಕಿಯಲ್ಲ, ಅದು ನಿಮ್ಮ ತೋಟ ಎಂದು ತಿಳಿಸಿ ಹೇಳುವಷ್ಟರಲ್ಲಿ ಊರಿನ ಅರ್ಧ ಜನ ಸೇರಿದ್ದರು. ಅಷ್ಟರಲ್ಲಿ ಯಾರೋ ಒಬ್ಬರು, ಇವರು ಭೂಮಿ ಕಿತ್ತುಕೊಳ್ಳೋಕೆ ಅಳತೆಗೆ ಬಂದವರು ಎಂದರು. ನಸ್ರೀನ್ ಕೈಯಲ್ಲಿದ್ದ ಜಿ.ಪಿ.ಎಸ್. ಯಂತ್ರವನ್ನು ಒಬ್ಬಾತ ಕಿತ್ತುಕೊಂಡೇಬಿಟ್ಟ. ನಾನು ತೆಲುಗಿನಲ್ಲಿ ನಮ್ಮಪ್ಪನ ಹೆಸರು, ಅವರು ಪಾಠ ಹೇಳಿದ ಊರುಗಳ ಹೆಸರು ಎಲ್ಲ ಹೇಳಿದೆ. ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು ‘ಅಯ್ಯೋ, ಮನ ಮೇಷ್ಟ್ರು ಕೂತುರೇ’ ಎಂದು, ತಮ್ಮ ಮೇಷ್ಟ್ರ ಮಗಳೆಂದು ಗುರುತು ಹಿಡಿದು ಮುಂದೆ ಬಂದಳು. ಯಂತ್ರ ವಾಪಸು ಬಂತು, ಜೊತೆಗೆ ಊಟಕ್ಕೂ ಕರೆದರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ನಸ್ರೀನ್ ಉಣ್ಣುತ್ತಾ ನನ್ನ ಕಿವಿಯಲ್ಲಿ ಹೇಳಿದಳು: ‘ಅಕ್ಕಾ, ಯಂತ್ರ ಕಿತ್ಕೊಂಡೋನೇ ನಂಗೆ ಬಡಿಸ್ತಿರೋದು. ಇನ್ನೊಂದು ಮುದ್ದೆ ಹಾಕ್ತಾನೆ ನೋಡಿ, ಪ್ರಾಯಶ್ಚಿತ್ತಕ್ಕೆ.’ ಆತ ನಿಜವಾಗಿಯೂ ಹಾಕಿದ.

ದೆಹಲಿಯವರ ಜೊತೆಗಿನ ನಮ್ಮ ಮೊದಲ ಜಟಾಪಟಿ ಹಿಪ್ಪುನೇರಳೆಯದು. ಅವರು ಇಡೀ ದೇಶಕ್ಕೆಂದು ಬೆಳೆಗಳ ಹೆಸರಿನ ಒಂದು ಪಟ್ಟಿ ಮಾಡಿದ್ದರು. ಮುಂಗಾರಿನ ಬೆಳೆ, ಹಿಂಗಾರಿನ ಬೆಳೆ, ತೋಟ, ಕಾಡು, ಪಾಳು. ನಮ್ಮ ಶಿಡ್ಲಘಟ್ಟ ಅದರಲ್ಲಿ ಎಲ್ಲೂ ಕೂರಲಿಲ್ಲ. ಒಂದು ಚಿತ್ರದಲ್ಲಿ ಕೆಂಪಗಿದ್ದ ತೋಟ ಮುಂದಿನ ಚಿತ್ರದಲ್ಲಿ ಬೂದು, ಅದರ ಮುಂದಿನದರಲ್ಲಿ ಮತ್ತೆ ಕೆಂಪು. ದೆಹಲಿಯಿಂದ ಪ್ರಶ್ನೆ ಬಂತು: ನಿಮ್ಮ ರೈತರು ವರ್ಷಕ್ಕೆ ಇಷ್ಟು ಸಲ ತೋಟ ಕಿತ್ತು ಮತ್ತೆ ನೆಡುತ್ತಾರೆಯೇ, ಅಥವಾ ನಿಮ್ಮ ಲೆಕ್ಕ ತಪ್ಪಿದೆಯೇ?

ನಸ್ರೀನ್ ಓದಿ ಓದಿ ನಕ್ಕಳು. ಸೊಪ್ಪು ಕೊಯ್ದು ರೇಷ್ಮೆ ಹುಳುವಿಗೆ ಹಾಕಿದಾಗ ತೋಟ ಬೋಳಾಗುತ್ತದೆ, ಮತ್ತೆ ಚಿಗುರುತ್ತದೆ. ಅವಳು ಹುಟ್ಟಿದಂದಿನಿಂದ ಕಂಡದ್ದು. ‘ತೋಟ ಕೀಳೋದಲ್ಲ ಅಕ್ಕಾ, ಹುಳ ಊಟ ಮಾಡೋದು ಅಂತ ಬರೀಲಾ?’ ಎಂದಳು. ಬರಿ ಎಂದೆ. ಹಾಗೇ ಬರೆದಳು, ಇಂಗ್ಲಿಷಿನಲ್ಲಿ, ಸರ್ಕಾರಿ ಧಾಟಿಯಲ್ಲಿ. ದೇಶಪಾಂಡೆಯವರು ಅದನ್ನು ನಾಲ್ಕು ಜನರಿಗೆ ಓದಿ ಹೇಳಿ, ಒಂದಕ್ಷರ ತಿದ್ದದೆ ಸಹಿ ಹಾಕಿದರು. ಮುಂದಿನ ಪಟ್ಟಿಯಲ್ಲಿ ಹಿಪ್ಪುನೇರಳೆಗೆ ತನ್ನದೇ ಹೆಸರು ಸಿಕ್ಕಿತು.

ಇಷ್ಟು ಹೇಳಿದ ಮೇಲೆ ಆ ಕೆರೆಯ ವಿಷಯಕ್ಕೆ ಬರಬಹುದು.

ಗೌರಿಬಿದನೂರು ತಾಲ್ಲೂಕು, ಕುಡುಮಲಕುಂಟೆಯ ಕಾರ್ಖಾನೆಗಳನ್ನು ದಾಟಿ ಇನ್ನೂ ಒಳಗೆ ಒಂದು ಊರು. ಹೆಸರು ಬೇಡ. ಆ ಊರಿನ ಕೆರೆಯಲ್ಲಿ ವರ್ಷಗಟ್ಟಲೆ ನೀರು ನಿಂತಿರಲಿಲ್ಲ. ಯಾವಾಗಲೋ ಅಂಗಳದಲ್ಲಿ ಜಾಲಿ ನೆಟ್ಟಿದ್ದರು, ಅದು ಬೆಳೆದು ತೋಪಾಗಿತ್ತು. ನಾವು ಎಲ್ಲ ಇಲಾಖೆಗಳ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಾಗ ಒಂದೇ ಕೆರೆಗೆ ಮೂರು ಬಣ್ಣ ಬಂತು. ಅರಣ್ಯದವರಲ್ಲಿ ಅದು ನೆಡುತೋಪು, ಹಸಿರು ಬಣ್ಣ. ನೀರಾವರಿಯವರಲ್ಲಿ ಕೆರೆ, ನೀಲಿ. ಕಂದಾಯದವರು ಹೊಸದಾಗಿ ಮಾಡಿಸಿದ ನಕ್ಷೆಯಲ್ಲಿ ಪಾಳುಭೂಮಿ, ಹಳದಿ.

ಎಲ್ಲರಿಗೂ ಒಂದೇ ನಕ್ಷೆ ಎಂದಾದ ಮೇಲೆ ಒಂದೇ ಬಣ್ಣ ಉಳಿಯಬೇಕು. ಯಾವುದು? ದೆಹಲಿಯ ನಿಯಮ ಸ್ಪಷ್ಟವಾಗಿತ್ತು: ಚಿತ್ರದಲ್ಲಿ ಏನು ಕಾಣುತ್ತದೋ ಅದು. ನಮ್ಮ ಬಳಿ ಇದ್ದ ಯಾವ ಚಿತ್ರದಲ್ಲೂ ಅಲ್ಲಿ ನೀರಿಲ್ಲ. ಹಾಗಾದರೆ ಕೆರೆಯಲ್ಲ. ತೋಪೂ ತೆಳುವಾಗಿತ್ತು, ಹಾಗಾದರೆ ಕಾಡೂ ಅಲ್ಲ. ಉಳಿದದ್ದು ಪಾಳು. ರಾಷ್ಟ್ರದ ನಕ್ಷೆಯಲ್ಲಿ ಒಮ್ಮೆ ಪಾಳು ಎಂದು ಬಿದ್ದರೆ, ಯಾರಿಗೆ ಯಾವಾಗ ಜಾಗ ಬೇಕಾದರೂ ಮೊದಲು ಅಲ್ಲಿಗೇ ಬೆರಳು ಹೋಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಯಾರೂ ಕೆಟ್ಟದ್ದು ಮಾಡದೆಯೇ ಒಂದು ಕೆರೆ ಇಲ್ಲವಾಗುವುದರಲ್ಲಿತ್ತು.

ಆ ಊರಿನ ಪಂಚಾಯ್ತಿ ಸದಸ್ಯೆ ರತ್ನಮ್ಮ. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಚಾಟಿ. ಅರಣ್ಯದವರದೂ ನೀರಾವರಿಯವರದೂ ಒಂದೊಂದು ಬೋರ್ಡು ನೆಟ್ಟಿದ್ದ ಏರಿಯ ಮೇಲೆ ನಾವು ಜೀಪು ನಿಲ್ಲಿಸಿದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳೇ, ‘ನೀವು ಯಾವ ಇಲಾಖೇನಮ್ಮಾ? ಹಸಿರು ಬೋರ್ಡಿನೋರಾ, ನೀಲಿ ಬೋರ್ಡಿನೋರಾ?’ ಎಂದಳು.

‘ಎರಡೂ ಅಲ್ಲಮ್ಮ, ಸೆಂಟ್ರಲ್ ಗೌರ್ಮೆಂಟು’ ಎಂದೆ.

‘ಇನ್ನೊಬ್ರು ಬಂದ್ರಾ!’ ಎಂದು ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತಳು. ಪಾಳು ಎಂದರೆ ಏನಾಗುತ್ತದೆ ಎಂದು ನಾವು ವಿವರಿಸಿದಾಗ ಅವಳ ಮುಖದ ಗೇಲಿ ಹೋಯಿತು. ‘ಕೆರೆ ಒಣಗಿದ್ರೂ ಕೆರೇನೇ ಅಲ್ವಾ ಮೇಡಂ? ಈ ಏರಿ ಕೆಳಗಡೆ ನಮ್ಮ ಬಾವಿಗಳವೆ. ಇವತ್ತಲ್ಲ ನಾಳೆ ಮಳೆ ಬಂದೇ ಬರ್ತದೆ. ಆಗ ನೀರು ಎಲ್ಲಿಗೆ ಹೋಗ್ಬೇಕು, ನಿಮ್ಮ ಕಚೇರಿಗಾ?’

ಮಳೆ ಬಂತು. ಅದೇ ವರ್ಷ ಹಿಂಗಾರಿನಲ್ಲಿ ಆಕಾಶ ತೂತು ಬಿದ್ದಂತೆ ಸುರಿಯಿತು. ರತ್ನಮ್ಮ ಊರಿನ ಬೂತಿನಿಂದ ಫೋನ್ ಮಾಡಿ, ‘ಮೇಡಂ, ಬನ್ನಿ, ಕೆರೆ ಬಂದದೆ’ ಎಂದಳು. ಕೆರೆಗೆ ನೀರು ಬಂದಿದೆ ಎನ್ನಲಿಲ್ಲ, ಕೆರೆಯೇ ಬಂದಿದೆ ಎಂದಳು. ದೇಶಪಾಂಡೆಯವರು ಉಪಗ್ರಹ ನಮ್ಮ ತಲೆಯ ಮೇಲೆ ಹಾಯುವ ದಿನ ಯಾವುದೆಂದು ನೋಡಿಸಿದರು. ಆ ದಿನ ಬೆಳಿಗ್ಗೆಯೇ ಏರಿಯ ಮೇಲಿರಬೇಕು ಎಂದು ಮೂರೂ ಇಲಾಖೆಯವರನ್ನು ತಾವೇ ಮನೆ ಮನೆಗೆ ಹೋಗಿ ಕರೆದರು. ನೀರಿನ ಒಂದೇ ಒಂದು ಕಪ್ಪು ಚುಕ್ಕೆ ಚಿತ್ರದಲ್ಲಿ ಮೂಡಿದರೆ ಸಾಕಿತ್ತು.

ಆ ಬೆಳಗನ್ನು ನಾನು ಮರೆಯಲಾರೆ. ಕೆರೆ ತುಂಬಿ ಕೋಡಿ ಬೀಳಲು ಸ್ವಲ್ಪವೇ ಬಾಕಿ. ಜಾಲಿ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವು, ಕೊಂಬೆಗಳ ಮೇಲೆ ಬೆಳ್ಳಕ್ಕಿಗಳು. ಊರಿಗೆ ಊರೇ ಏರಿಯ ಮೇಲೆ. ರತ್ನಮ್ಮ ಒಂದು ಕುಕ್ಕೆ ತುಂಬ ಬೇಯಿಸಿದ ಕಡಲೆಕಾಯಿ ತಂದು ಎಲ್ಲರ ಮಡಿಲಿಗೂ ಸುರಿಯುತ್ತಿದ್ದಳು. ಮತ್ತು ಮೇಲೆ, ನಂದಿ ಬೆಟ್ಟದ ದಿಕ್ಕಿನಿಂದ ಈ ತುದಿಯವರೆಗೆ, ಗಾರೆ ಬಳಿದಂತೆ ಮೋಡ.

ಹತ್ತೂವರೆಯ ಹೊತ್ತಿಗೆ ಉಪಗ್ರಹ ಹಾಯುತ್ತದೆ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೂ ಅರಣ್ಯಾಧಿಕಾರಿ, ನೀರಾವರಿ ಇಂಜಿನಿಯರು, ರೆವಿನ್ಯೂ ಇನ್ಸ್‌ಪೆಕ್ಟರು, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು, ಎಲ್ಲರೂ ಕುತ್ತಿಗೆ ಎತ್ತಿ ನಿಂತರು. ಒಂದು ಕಡೆ ಮೋಡ ತೆಳುವಾಯಿತು. ‘ಬಿಡ್ತು, ಬಿಡ್ತು’ ಎಂದು ಯಾರೋ ಕೂಗಿದರು. ಮತ್ತೆ ಮುಚ್ಚಿತು. ನಸ್ರೀನ್ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ನನ್ನ ಮುಂಗೈ ಅವಳ ಹಿಡಿತದಲ್ಲಿ ನೋಯುತ್ತಿತ್ತು. ಕೊನೆಗೆ ಗಡಿಯಾರ ನೋಡಿ ದೇಶಪಾಂಡೆಯವರು ‘ಹೋತು’ ಎಂದರು. ಅಷ್ಟೇ.

ಯಾರೂ ಹೊರಡಲಿಲ್ಲ. ಸುಮ್ಮನೆ ನಿಂತಿರಲಾರದೆ ಇಂಜಿನಿಯರು, ಈ ಮರಗಳಿಲ್ಲದಿದ್ದರೆ ಇನ್ನಷ್ಟು ನೀರು ಹಿಡಿಯುತ್ತಿತ್ತು ಎಂದರು. ಮರಗಳಿಲ್ಲದಿದ್ದರೆ ಈ ಅಂಗಳ ಯಾವತ್ತೋ ಒತ್ತುವರಿ ಆಗಿರುತ್ತಿತ್ತು ಎಂದು ಅರಣ್ಯಾಧಿಕಾರಿ ಸಿಡುಕಿದರು. ನೆಲ ಮಾತ್ರ ಸರ್ಕಾರದ್ದು ಎಂದರು ಇನ್ಸ್‌ಪೆಕ್ಟರು. ರತ್ನಮ್ಮ ಕುಕ್ಕೆ ಕೆಳಗಿಟ್ಟಳು.

‘ಆಯ್ತು ಸಾರ್. ಮರ ಅವರ್ದು, ನೀರು ಇವರ್ದು, ನೆಲ ನಿಮ್ದು. ಕುಡಿಯೋ ಬಾಯಿ ನಮ್ದು. ಮೇಲಿಂದ ಅದಕ್ಕೆ ಕಾಣಿಸ್ಲಿಲ್ಲ, ಸರಿ. ನಿಮ್ಗೆ ಮೂರು ಜನಕ್ಕೂ ಕಾಣಿಸ್ತಾ ಅದಾ ಇಲ್ವಾ? ಅದನ್ನ ಹೇಳಿ.’

ಇಂಜಿನಿಯರಿಗೆ ನಗು ಬಂತು. ಅರಣ್ಯಾಧಿಕಾರಿ ಕಡಲೆಕಾಯಿ ಸಿಪ್ಪೆ ನೀರಿಗೆಸೆದು, ‘ಕಾಣ್ಸುತ್ತಮ್ಮ’ ಎಂದರು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಇದು ಕೆರೆ, ನಾವು ನೋಡಿದ್ದೇವೆ ಎಂದು ಮೂವರೂ ಸಹಿ ಹಾಕಿದರು. ಮೂರು ಇಲಾಖೆ ಒಂದೇ ಹಾಳೆಯಲ್ಲಿ ಸಹಿ ಹಾಕಿದ್ದನ್ನು ನನ್ನ ನೌಕರಿಯಲ್ಲಿ ಮೊದಲು ಕಂಡದ್ದು ಅಲ್ಲೇ.

ಚಿತ್ರ ಬಂತು. ಹತ್ತಿ ಹರವಿದಂತೆ ಬರೀ ಬಿಳುಪು. ಅದನ್ನೇ ಆ ಸಹಿಯ ಹಾಳೆಯ ಜೊತೆ ಸುತ್ತಿಕೊಂಡು ದೇಶಪಾಂಡೆಯವರು, ನಸ್ರೀನ್, ನಾನು, ಮೂವರೂ ರೈಲಿನಲ್ಲಿ ದೆಹಲಿಗೆ ಹೋದೆವು. ನಕ್ಷೆಯನ್ನು ಅಂತಿಮ ಮಾಡುವ ಸಮಿತಿಯ ಸಭೆ ಅದು. ಉದ್ದನೆಯ ಮೇಜು, ಎಲ್ಲ ರಾಜ್ಯಗಳ ಅಧಿಕಾರಿಗಳು, ಚಳಿ. ನಮ್ಮ ಸರದಿ ಬಂದಾಗ ಅಧ್ಯಕ್ಷರು ಚಿತ್ರ ನೋಡಿ ಕನ್ನಡಕ ತೆಗೆದರು. ಇದರಲ್ಲಿ ಮೋಡ ಬಿಟ್ಟು ಏನೂ ಇಲ್ಲವಲ್ಲ, ಇದನ್ನೇಕೆ ಇಷ್ಟು ದೂರ ತಂದಿರಿ ಎಂದರು. ಒಂದಿಬ್ಬರು ನಕ್ಕರು. ಮಾತಾಡಬೇಕಾಗಿದ್ದವರು ದೇಶಪಾಂಡೆ. ಅವರು ಎದ್ದು ನಿಂತು, ಚಿತ್ರ ಓದುವ ಅಧಿಕಾರಿ ಉತ್ತರ ಕೊಡುತ್ತಾರೆ ಎಂದು ಹೇಳಿ ಕೂತುಬಿಟ್ಟರು.

ನಸ್ರೀನ್ ಎದ್ದಳು. ಮೊದಲ ವಾಕ್ಯ ತಡವರಿಸಿತು. ಆಮೇಲೆ ಇಲ್ಲ. ಅವಳು ಹೇಳಿದ್ದರ ಸಾರ ಇಷ್ಟು: ನಮ್ಮ ಕಡೆ ಕೆರೆ ತುಂಬುವುದು ಮೋಡ ಕವಿದಿರುವಾಗ. ನಾವು ಮೋಡ ಇಲ್ಲದ ಚಿತ್ರಗಳನ್ನೇ ಒಳ್ಳೆಯ ಚಿತ್ರ ಎಂದು ಆರಿಸುತ್ತಾ ಬಂದಿದ್ದೇವೆ. ಹಾಗಾಗಿ ನಮ್ಮ ಕೆರೆಗಳು ಬತ್ತಿದ ದಿನವೇ ನಮ್ಮ ಕಣ್ಣಿಗೆ ಬಿದ್ದಿವೆ. ಮೇಲಿನ ಕಣ್ಣು ಕುರುಡಾಗುವ ತಿಂಗಳುಗಳಿವೆ ಎಂದು ಗೊತ್ತಿದ್ದ ಮೇಲೆ, ಆ ತಿಂಗಳುಗಳಲ್ಲಿ ನೆಲದ ಮೇಲೆ ನಿಂತು ನೋಡಿದವರ ಮಾತಿಗೆ ಯೋಜನೆಯಲ್ಲೇ ಜಾಗ ಇರಬೇಕು.

ಹಾಗಾದರೆ ಪ್ರತಿ ಹಳ್ಳವನ್ನೂ ಕೆರೆ ಎನ್ನುತ್ತಾರೆ ಎಂದು ಒಬ್ಬರು ಆಕ್ಷೇಪಿಸಿದರು. ಏರಿ ಇದೆಯೇ, ತೂಬು ಇದೆಯೇ, ಕೋಡಿ ಇದೆಯೇ, ಈ ಮೂರನ್ನು ನೋಡಿ ಎಂದಳು ನಸ್ರೀನ್. ನೀರು ಬರುತ್ತದೆ, ಹೋಗುತ್ತದೆ; ಕಟ್ಟಿದವರು ಕೆರೆಯೆಂದೇ ಕಟ್ಟಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ನಿಯಮ ಬದಲಾಯಿತು. ಏರಿ, ತೂಬು, ಕೋಡಿ ಇರುವುದೆಲ್ಲ ನೀರಿದ್ದರೂ ಇಲ್ಲದಿದ್ದರೂ ಎಲ್ಲರ ನಕ್ಷೆಯಲ್ಲೂ ಕೆರೆಯೇ. ನಮ್ಮ ಆ ಒಂದು ಕೆರೆ ಮಾತ್ರವಲ್ಲ, ನಮ್ಮ ಸೀಮೆಯ ಎಷ್ಟೋ ಒಣ ಕೆರೆಗಳು ಆ ಮಧ್ಯಾಹ್ನ ಉಳಿದವು. ಹೊರಗೆ ಬಿಸಿಲಿನಲ್ಲಿ ನಿಂತು ನಾವು ಮೂವರೂ ದೇಶಪಾಂಡೆಯವರ ಜೇಬಿನ ಕಡಲೆ ತಿಂದೆವು. ನಾನು ಅಷ್ಟು ಸಂತೋಷಪಟ್ಟ ದಿನಗಳು ಬಹಳವಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಹೊರಗೆ ಬಂದರು. ಕಾರಿನ ಬಾಗಿಲು ಹಿಡಿದುಕೊಂಡೇ, ಈ ಹುಡುಗಿ ಇಲ್ಲಿಗೆ ಬರಲಿ, ಇಡೀ ದೇಶದ ನಕ್ಷೆಗೆ ಇಂಥವರು ಬೇಕು ಎಂದು ದೇಶಪಾಂಡೆಯವರಿಗೆ ಹೇಳಿ ಹೋದರು.

ಆದೇಶ ಬರಲು ತಡವಾಗಲಿಲ್ಲ. ಒಪ್ಪುವುದು ಬಿಡುವುದು ಅವಳಿಗೆ ಸೇರಿದ್ದು. ನಸ್ರೀನ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಜೀಪಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಒಂದು ಭಾನುವಾರ ಅವಳ ತಾಯಿ ನನ್ನನ್ನು ಮನೆಗೆ ಕರೆಸಿದರು.

ಶಿಡ್ಲಘಟ್ಟದ ಆ ಓಣಿಯಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಗೋಡೆಗಳಿಗೇ ಹಿಡಿದಿರುತ್ತದೆ. ಮುಂದಿನ ಕೋಣೆಯಲ್ಲಿ ರಾಟೆಗಳು ತಿರುಗುತ್ತಿದ್ದವು. ಒಳಗೆ ಚಾಪೆ ಹಾಸಿ ನನ್ನನ್ನು ಕೂರಿಸಿ, ಚಹಾ ಕೊಟ್ಟು, ಆ ತಾಯಿ ನನ್ನೆದುರಿಗೇ ಕೂತರು. ಬಿಸಿನೀರಿನಲ್ಲಿ ವರ್ಷಗಟ್ಟಲೆ ಆಡಿದ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

‘ನೀವೇ ಹೇಳಿ ಅಮ್ಮಾ. ದಿಲ್ಲಿ ಅಂದ್ರೆ ಎಷ್ಟು ದೂರ. ಒಬ್ಳೇ ಹುಡುಗಿ. ಅವಳಣ್ಣ ಬೇಡ ಅಂತಾನೆ. ನಾನು ಹೇಳಿದ್ರೆ ಕೇಳಲ್ಲ, ನೀವು ಬೇಡ ಅಂದ್ರೆ ಹೋಗಲ್ಲ. ನಂಗೊತ್ತು.’

ಬಾಗಿಲಿನ ಪರದೆಯ ಹಿಂದೆ ನಸ್ರೀನ್ ನಿಂತಿದ್ದಳು. ಅವಳ ಪಾದಗಳು ಕಾಣುತ್ತಿದ್ದವು.

ಬೇಡ ಎನ್ನಲು ನನ್ನಲ್ಲಿ ಕಾರಣಗಳು ಬೇಕಾದಷ್ಟಿದ್ದವು. ಕೆಲಸ ಇನ್ನೂ ಅರ್ಧವಾಗಿತ್ತು. ಚಿತ್ರವನ್ನು ಅವಳಂತೆ ಓದುವವರು ಇನ್ನೊಬ್ಬರಿರಲಿಲ್ಲ. ಇವೆಲ್ಲ ಹೇಳಬಹುದಾದ ಕಾರಣಗಳು. ಹೇಳಲಾಗದ್ದು, ಅವಳಿಲ್ಲದ ಜೀಪನ್ನು ನಾನು ಹತ್ತಲಾರೆ ಎಂಬುದು. ನನಗೆ ಒಡಹುಟ್ಟಿದವರಿಲ್ಲ, ಮದುವೆ ಆಗಲಿಲ್ಲ. ಆ ಹಿಂದಿನ ಸೀಟಿನ ಸಂಸಾರವೇ ನನ್ನದಾಗಿತ್ತು.

‘ಹೋಗ್ಲಿ ಅಮ್ಮಾ’ ಎಂದೆ. ‘ಅಲ್ಲಿ ನಮ್ಮೂರಿನ ಕಡೆಯೋರು ಒಬ್ರಾದ್ರೂ ಆ ಮೇಜಿನ ಮುಂದೆ ಇರ್ಬೇಕು. ಇಲ್ದಿದ್ರೆ ಹಿಪ್ಪುನೇರಳೆ ಅಂದ್ರೆ ಏನು ಅಂತ ಯಾರು ಹೇಳ್ತಾರೆ? ಅವಳು ಇರೋ ಜಾಗ ನಾನೇ ನೋಡಿ ಬರ್ತೀನಿ, ಚಿಂತೆ ಮಾಡ್ಬೇಡಿ.’

ತಾಯಿ ನನ್ನ ಮುಖ ನೋಡಿದರು. ‘ನಿಮ್ಗೂ ಕಷ್ಟ ಆಗ್ತದಲ್ಲಾ’ ಎಂದರು. ಅವರಿಗೆ ಹೇಗೆ ತಿಳಿಯಿತೋ. ನಾನು ಚಹಾ ಕುಡಿದೆ.

ಪರದೆಯ ಹಿಂದಿನ ಪಾದಗಳು ಒಳಗೆ ಹೋದವು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಹೊರಡುವಾಗ ಓಣಿಯ ತಿರುವಿನವರೆಗೂ ಬಂದು ನಸ್ರೀನ್ ನನ್ನ ಭುಜಕ್ಕೆ ಹಣೆ ಹಚ್ಚಿ ನಿಂತಳು. ಅತ್ತಳು. ನಾನೂ ಅತ್ತೆ. ಸೈಕಲ್ಲಿನಲ್ಲಿ ಗೂಡಿನ ಮೂಟೆ ಹೇರಿಕೊಂಡು ಬರುತ್ತಿದ್ದವರು ನಮ್ಮನ್ನು ಬಳಸಿಕೊಂಡು ಹೋದರು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ನಸ್ರೀನ್ ದೆಹಲಿಗೆ ಹೋದಳು. ದೇಶಪಾಂಡೆಯವರು ನಿವೃತ್ತರಾಗಿ ಊರಿಗೆ ಹೋದರು. ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. ನಾವು ಕಷ್ಟಪಟ್ಟು ಕೂಡಿಸಿದ್ದನ್ನೆಲ್ಲ ನಾನೇ ಮತ್ತೆ ಬಿಡಿಸಿ, ಗಡಿ ಎಳೆದು, ಬೇರೆ ಮಾಡಿದೆ. ಗಾಜಿನ ಮೇಜು ಹೋಗಿ ಎಲ್ಲ ಕಂಪ್ಯೂಟರಿಗೆ ಬಂತು. ಹೊಸ ಹುಡುಗರು ಚುರುಕಾಗಿದ್ದರು, ನನ್ನನ್ನು ಗೌರವದಿಂದ ಕಂಡರು, ನನ್ನ ಪೆಟ್ಟಿಗೆ ಹೊತ್ತರು. ಜೀಪಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದರು. ನಾನು ದಾರಿಯಲ್ಲಿ ಏನನ್ನಾದರೂ ಕಂಡು ತಟ್ಟನೆ ಪಕ್ಕಕ್ಕೆ ತಿರುಗಿ, ಮಾತು ತುಟಿಗೆ ಬಂದು, ನಿಲ್ಲಿಸುತ್ತಿದ್ದೆ. ಹಾಗೆ ನಿಲ್ಲಿಸಿದ ಮಾತುಗಳನ್ನು ಶುರುವಿನಲ್ಲಿ ನಸ್ರೀನ್ ಜೊತೆಗಿನ ಭಾನುವಾರದ ಫೋನಿಗೆಂದು ಕೂಡಿಡುತ್ತಿದ್ದೆ. ಫೋನಿನಲ್ಲಿ ಅವು ಹೇಳುವಂಥವೇ ಆಗಿರುತ್ತಿರಲಿಲ್ಲ. ಒಂದು ಹುಣಸೆ ಮರ, ಒಂದು ಬಂಡೆ, ಬೆಟ್ಟದ ಮೇಲಿನ ಬಿಸಿಲು, ಅದನ್ನು ಹೇಗೆ ಹೇಳುವುದು?

ನಂತರ ನಮ್ಮ ಯೋಜನೆಯ ಜಾಲತಾಣ ಸಿದ್ಧವಾಯಿತು. ಯಾವ ಇಲಾಖೆಯವರಾದರೂ ತಮ್ಮ ಕೋಣೆಯಲ್ಲಿ ಕೂತು ಗುಂಡಿ ಒತ್ತಿದರೆ ಎಲ್ಲರ ನಕ್ಷೆಯೂ ಒಂದರ ಮೇಲೊಂದು ಬರುತ್ತದೆ. ಗಡಿ ಕೂಡುತ್ತದೆ. ಯಾರೂ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ, ಬೆಂಚಿನ ಮೇಲೆ ಕಾಯಬೇಕಾಗಿಲ್ಲ. ಇದು ಆಗಬೇಕೆಂದೇ ನಾನು ಅಷ್ಟು ವರ್ಷ ದುಡಿದದ್ದು. ಆದ ದಿನ ನನಗೆ ಹೆಮ್ಮೆಯಾಯಿತು. ಮಾರನೆಯ ದಿನದಿಂದ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಅದನ್ನು ತೋರಿಸುವ ಸಮಾರಂಭಕ್ಕೆ ದೆಹಲಿಯಿಂದ ಬಂದ ಅಧಿಕಾರಿ ನಸ್ರೀನ್. ಬೆಳಿಗ್ಗೆ ವಿಮಾನದಲ್ಲಿ ಬಂದು ಮಧ್ಯಾಹ್ನ ವಾಪಸು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಹಾಗೆ ಬಂದು ಹೋಗುವುದು ಸುಲಭವಾಗಿತ್ತು. ಕನ್ನಡಕ ಬಂದಿತ್ತು, ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು. ವೇದಿಕೆಯ ಮೇಲೆ ಚೆನ್ನಾಗಿ ಮಾತಾಡಿದಳು. ಶಿಡ್ಲಘಟ್ಟದ ಮನೆಗೆ ಹೋಗಿ ಬರುವಷ್ಟು ಸಮಯವಿರಲಿಲ್ಲ, ಹಾಗಾಗಿ ತಾಯಿಯೇ ಕ್ಯಾರಿಯರಿನಲ್ಲಿ ಊಟ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ ನಾವು ಮೂವರೂ ಉಂಡೆವು. ಅವಳು ಎರಡು ತುತ್ತಿಗೊಮ್ಮೆ ಫೋನ್ ಎತ್ತಬೇಕಾಗುತ್ತಿತ್ತು. ಒಂದು ಸಲ ಫೋನನ್ನು ಅಂಗೈಯಲ್ಲಿ ಮುಚ್ಚಿ, ‘ಅಕ್ಕಾ, ನೀವು ಹೇಗಿದ್ದೀರಾ ಅಂತ ನಾನಿನ್ನೂ ಕೇಳ್ಲೇ ಇಲ್ಲ’ ಎಂದಳು. ಅಷ್ಟರಲ್ಲಿ ಆ ಕಡೆಯಿಂದ ಯಾರೋ ಮಾತಾಡಿದರು.

ಕಾರು ಹೊರಟಿತು. ಕಿಟಕಿಯಿಂದ ಕೈ ಹೊರಗೆ ಹಾಕಿ ಅವಳು ರಸ್ತೆ ತಿರುಗುವವರೆಗೂ ಬೀಸಿದಳು.

ನಾನು ಬೆಂಗಳೂರಿನ ಬಸ್ಸು ಹಿಡಿಯಬೇಕಾಗಿತ್ತು. ಆ ತಾಯಿಯ ಜೊತೆ ಶಿಡ್ಲಘಟ್ಟದ ಬಸ್ಸು ಹತ್ತಿದೆ. ನೀವ್ಯಾಕೆ ಇದರಲ್ಲಿ ಎಂದು ಅವರು ಕೇಳಲಿಲ್ಲ. ಖಾಲಿ ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕದ ಜಾಗ ನನಗೆ ಬಿಟ್ಟುಕೊಟ್ಟರು. ಊರು ದಾಟಿ ಹೊಲಗಳು ಶುರುವಾದವು. ರಾಗಿ ಕಟಾವಿಗೆ ಬಂದಿತ್ತು.

‘ನೋಡಿ ಅಮ್ಮಾ, ಈ ವರ್ಷ ರಾಗಿ ಚೆನ್ನಾಗಾಗಿದೆ’ ಎಂದು ನಾನು ಪಕ್ಕಕ್ಕೆ ತಿರುಗಿ ಹೇಳಿದೆ.

ಅವರು ನನ್ನ ಮೇಲೆ ಬಗ್ಗಿ ಕಿಟಕಿಯಾಚೆ ನೋಡಿದರು. ‘ಹೌದು ಬೇಟಿ’ ಎಂದರು.